ಬಾಯಿ ಸತ್ತ ಹಕ್ಕಿಗಳು ಹರಟೆಮಲ್ಲಗಳಾದದ್ದು

ಲೋಕ ಆಗ ಹೊಸದಾಗಿತ್ತು. ಎಷ್ಟು ಹೊಸದು ಅಂದರೆ, ಬೆಟ್ಟಗಳು ಎಲ್ಲಿ ಕೂರಬೇಕೆಂದು ಇನ್ನೂ ಜಾಗ ನೋಡುತ್ತಿದ್ದವು. ಹೊಳೆಗಳು ಸಿಕ್ಕಸಿಕ್ಕವರನ್ನು ದಾರಿ ಕೇಳಿಕೊಂಡು ಹರಿಯುತ್ತಿದ್ದವು. ಆಮೆಯ ಚಿಪ್ಪು ಇನ್ನೂ ಪೂರ್ತಿ ಒಣಗಿರಲಿಲ್ಲ.

ಆ ಕಾಲದಲ್ಲಿ ಒಂದು ಹಳ್ಳ. ಹಳ್ಳದ ದಂಡೆಯ ಮೇಲೆ ಒಂದು ಹುಣಸೆಮರ. ಆ ಮರದಲ್ಲಿ ಮಣ್ಣುಬಣ್ಣದ ಹಕ್ಕಿಗಳ ಒಂದು ಹಿಂಡು ಇತ್ತು. ಅವುಗಳಷ್ಟು ಬಾಯಿ ಸತ್ತ ಹಕ್ಕಿಗಳು ಇಡೀ ಲೋಕದಲ್ಲಿ ಇರಲಿಲ್ಲ. ಹುಳ ಸಿಕ್ಕಿದರೆ ಸದ್ದಿಲ್ಲದೆ ತಿನ್ನುತ್ತಿದ್ದವು. ಮಳೆ ಬಂದರೆ ಸದ್ದಿಲ್ಲದೆ ನೆನೆಯುತ್ತಿದ್ದವು. ಯಾರಾದರೂ ಏನಾದರೂ ಕೇಳಿದರೆ "ಹೌದು" ಅನ್ನುತ್ತಿದ್ದವು. ಅವುಗಳಿಗೆ ಬರುತ್ತಿದ್ದ ಮಾತು ಹೆಚ್ಚುಕಡಿಮೆ ಅದೊಂದೇ.

ಎಲ್ಲರಿಗಿಂತ ಮೊದಲು, ಎಲ್ಲರಿಗಿಂತ ಜೋರಾಗಿ "ಹೌದು" ಅನ್ನುವವಳು ಬೂದವ್ವ. ಬಹಳ ಒಳ್ಳೆಯ ಹಕ್ಕಿ. ಯಾರು ಏನು ಹೇಳಿದರೂ ಅವಳಿಗೆ ಅದು ಸರಿ ಅನ್ನಿಸುತ್ತಿತ್ತು. ಇನ್ನೊಬ್ಬರು ಬಂದು ಅದಕ್ಕೆ ಪೂರಾ ಉಲ್ಟಾ ಹೇಳಿದರೆ, ಅಯ್ಯೋ, ಇದೂ ಸರಿಯಲ್ಲವೇ ಅನ್ನಿಸುತ್ತಿತ್ತು.

ಹಿಂಡಿನಲ್ಲಿ "ಹೌದು" ಅನ್ನದವನು ಒಬ್ಬನೇ ಮುದುಕ. ಅವನು ಎಲ್ಲದಕ್ಕೂ "ಬೇಡ" ಅನ್ನುತ್ತಿದ್ದ. ಆಚೆ ದಡಕ್ಕೆ ಹೋಗೋಣ ಅಂದರೆ ಬೇಡ. ಈಚೆ ದಡದಲ್ಲೇ ಇರೋಣ ಅಂದರೆ ಬೇಡ. ಅವನ ನಿಜವಾದ ಹೆಸರು ಎಲ್ಲರಿಗೂ ಮರೆತುಹೋಗಿ, ಬೇಡಜ್ಜ ಅಂತಲೇ ಕರೆಯುತ್ತಿದ್ದರು. ಅವನು ಬಾಯಿ ತೆರೆದರೆ ಎಲ್ಲರೂ ಬೆನ್ನು ತಿರುಗಿಸಿ ಗರಿ ತೀಡಿಕೊಳ್ಳುತ್ತಿದ್ದರು.

ಈ ಹಿಂಡಿಗೆ ಇದ್ದದ್ದು ಒಂದೇ ಕಷ್ಟ. ಅದು ಕಾಡುಬೆಕ್ಕು. ಎಲ್ಲ ಹಕ್ಕಿಗಳೂ ತಲೆ ತಗ್ಗಿಸಿ ತರಗೆಲೆ ಕೆದಕುತ್ತಿದ್ದವೇ ಹೊರತು ತಲೆಯೆತ್ತಿ ನೋಡುವವರು ಯಾರೂ ಇರಲಿಲ್ಲ. ಇನ್ನೊಬ್ಬರು ನೋಡುತ್ತಾರೆ ಅಂತ ಪ್ರತಿಯೊಬ್ಬರೂ ಅಂದುಕೊಂಡಿದ್ದರು. ಬೆಕ್ಕು ತನ್ನದೇ ಮನೆಗೆ ಬಂದಂತೆ ಬಂದು, ತನಗೆ ಬೇಕಾದವರನ್ನು ಕಚ್ಚಿಕೊಂಡು ಹೋಗುತ್ತಿತ್ತು.

ಒಂದು ದಿನ ಗಾಳಿ ಹುಣಸೆಮರದಲ್ಲಿ ಸ್ವಲ್ಪ ಹೊತ್ತು ಕೂತಿತು. ಊರೆಲ್ಲ ಸುತ್ತುವ ಗಾಳಿಗೆ ಗೊತ್ತಿಲ್ಲದ ಸುದ್ದಿ ಇಲ್ಲ. ಜೇನುಹುಳಕ್ಕೆ ರಾಣಿ ಇದ್ದಾಳೆ, ಆನೆಗಳ ಹಿಂಡನ್ನು ಅಜ್ಜಿ ನಡೆಸುತ್ತಾಳೆ, ಕೋತಿಗಳಲ್ಲಿ ಯಾರು ಬಲಶಾಲಿಯೋ ಅವನದ್ದೇ ಮಾತು ಅಂತ ಅದು ಹೇಳಿತು. ಆಮೇಲೆ, "ನಿಮಗೆ ಯಾರೂ ಇಲ್ಲವೇ? ಪಾಪ" ಅಂದು ಎದ್ದು ಹೋಯಿತು.

ಬೂದವ್ವನಿಗೆ ಆ "ಪಾಪ" ಅನ್ನುವ ಮಾತು ಮುಳ್ಳಿನಂತೆ ಚುಚ್ಚಿತು. ನಮಗೂ ಒಬ್ಬ ರಾಜ ಬೇಕು ಅಂದಳು. ಹಿಂಡು "ಹೌದು" ಅಂದಿತು. ಬೇಡಜ್ಜ "ಬೇಡ" ಅಂದ. ಎಲ್ಲರೂ ಗರಿ ತೀಡಿಕೊಂಡರು.

ರಾಜ ಯಾರಾಗಬೇಕು ಅಂತ ಯೋಚಿಸುವ ಶ್ರಮವೂ ಬೇಕಾಗಲಿಲ್ಲ. ಹಳ್ಳದ ಆಚೆ ಒಬ್ಬ ನವಿಲು ಇದ್ದ. ಅವನ ತಲೆಯ ಮೇಲೆ ಕಿರೀಟ ಹುಟ್ಟಿನಿಂದಲೇ ಇತ್ತು. ಹಿಂಡು ಹೋಗಿ ಕರೆದಾಗ, ತನಗೆ ಇದೆಲ್ಲ ಇಷ್ಟವಿಲ್ಲವೆಂದೂ, ಆದರೂ ಇಷ್ಟು ಒತ್ತಾಯ ಮಾಡುತ್ತಿದ್ದೀರೆಂದು ಬರುತ್ತೇನೆಂದೂ ಹೇಳಿದ. ನಿಜಕ್ಕೂ ಯಾರೂ ಒತ್ತಾಯ ಮಾಡಿರಲಿಲ್ಲ.

ನವಿಲುರಾಯನ ಆಳ್ವಿಕೆ ಬಹಳ ಚೆಂದವಾಗಿತ್ತು. ಬೆಳಿಗ್ಗೆ ಅವನು ಕುಣಿಯುತ್ತಿದ್ದ, ಪ್ರಜೆಗಳು ನೋಡುತ್ತಿದ್ದರು. ಸಂಜೆ ಪ್ರಜೆಗಳು ಹೊಗಳುತ್ತಿದ್ದರು, ಅವನು ಕೇಳುತ್ತಿದ್ದ. ಅವನ ಹತ್ತಿರ ಮಾತಾಡುವ ಮೊದಲು ಬಿರುದು ಹೇಳಬೇಕೆಂಬ ಕಟ್ಟಳೆ ಬಂತು. ಬಿರುದುಗಳನ್ನು ಕಟ್ಟಿಕೊಟ್ಟವಳೂ ಬೂದವ್ವನೇ. ಅವಳಿಗೆ ಅದರಲ್ಲಿ ಭಾರಿ ಹೆಮ್ಮೆ.

ಆ ವರ್ಷ ಬೂದವ್ವ ಗೂಡು ಕಟ್ಟಿ, ನೀಲಿ ನೀಲಿ ಮೊಟ್ಟೆ ಇಟ್ಟಿದ್ದಳು. ರಾಜ ಕುಣಿಯುವಾಗ ಗೂಡಿನಲ್ಲಿ ಕೂರುವಂತಿರಲಿಲ್ಲ, ಕೆಳಗೆ ಬಂದು ನೋಡಬೇಕಿತ್ತು. ಹಾಗೆ ನೋಡುತ್ತಿದ್ದಾಗ ಅವಳ ಕಣ್ಣಿಗೆ ಬೆಕ್ಕು ಬಿತ್ತು. ಅದು ಹುಣಸೆಮರ ಹತ್ತುತ್ತಿತ್ತು. ಅವಳ ಗೂಡಿನ ಕಡೆಗೇ ಹೊರಟಿತ್ತು.

ಬೂದವ್ವ ಓಡಿಹೋಗಿ ರಾಜನ ಮುಂದೆ ನಿಂತಳು. ಕಟ್ಟಳೆ ಅಂದರೆ ಕಟ್ಟಳೆ. ಅವಳು ಶುರುಮಾಡಿದಳು. "ಸಾವಿರ ಕಣ್ಣಿನ ಗರಿಯವರೇ, ಮೋಡದ ಖಾಸಾ ಗೆಳೆಯರೇ, ಹಳ್ಳದ ಎರಡು ದಡಕ್ಕೂ ಒಡೆಯರೇ, ಕುಣಿದರೆ ಭೂಮಿ ನಡುಗಿಸುವವರೇ, ಕುಣಿಯದಿದ್ದರೂ ನಡುಗಿಸುವವರೇ..."

ಬಿರುದುಗಳನ್ನು ಅಷ್ಟು ಉದ್ದ ಕಟ್ಟಿದವಳು ತಾನೇ ಅಂತ ಅವಳಿಗೆ ಆಗ ನೆನಪಾಯಿತು. ಅವಳು "ಬೆಕ್ಕು" ಅನ್ನುವ ಮಾತಿಗೆ ಬರುವಷ್ಟರಲ್ಲಿ ಬೆಕ್ಕು ಊಟ ಮುಗಿಸಿ, ಮರದಿಂದ ಇಳಿದು, ಪಂಜ ನೆಕ್ಕಿ ಮುಖ ಒರೆಸಿಕೊಳ್ಳುತ್ತಿತ್ತು.

ನವಿಲುರಾಯ ಬಾಲದ ಸಂದಿಯಿಂದ ಇಣುಕಿದ. "ಬೆಕ್ಕು ಬಂದಿತ್ತೇ? ಅದಕ್ಕೆ ನನ್ನ ಕುಣಿತ ಹಿಡಿಸಿತೇ?" ಅಂತ ಕೇಳಿದ.

ಬೂದವ್ವ ಆ ದಿನ ಏನೂ ತಿನ್ನಲಿಲ್ಲ. ಬರಿಗೂಡಿನಲ್ಲಿ ಸುಮ್ಮನೆ ಕೂತಿದ್ದಳು. ಕೆಲವು ದಿನಕ್ಕೆ ಮಳೆಗಾಲ ಬಂತು. ದೂರದಲ್ಲಿ ಒಂದು ಹೆಣ್ಣುನವಿಲು ಕೂಗಿದ್ದು ಕೇಳಿ ರಾಜ ರಾಜ್ಯವನ್ನೇ ಮರೆತು ಹಾರಿಹೋದ.

ಒಬ್ಬನ ಕೈಗೆ ಎಲ್ಲ ಕೊಟ್ಟದ್ದೇ ತಪ್ಪಾಯಿತು ಅಂತ ಹಿಂಡಿಗೆ ಅನ್ನಿಸಿತು. ಅದಕ್ಕೆ ಈ ಸಲ ಕೊಕ್ಕರೆ ಹಿರಿಯರ ಹತ್ತಿರ ಹೋದವು. ಅವರು ಮೂವರಿದ್ದರು. ಹಳ್ಳದ ನೀರಿನಲ್ಲಿ ಒಂಟಿ ಕಾಲಿನಲ್ಲಿ, ಅರ್ಧ ಕಣ್ಣು ಮುಚ್ಚಿ ನಿಂತಿರುತ್ತಿದ್ದರು. ಅಷ್ಟು ಗಂಭೀರವಾಗಿ ನಿಂತವರಿಗೆ ಬುದ್ಧಿ ಇರದೇ ಇರುತ್ತದೆಯೇ ಅಂದಳು ಬೂದವ್ವ. ಹಿಂಡು "ಹೌದು" ಅಂದಿತು. ಬೇಡಜ್ಜ "ಬೇಡ" ಅಂದ.

ಕೊಕ್ಕರೆಗಳು ತಮ್ಮತಮ್ಮಲ್ಲೇ ಮಾತಾಡುತ್ತಿದ್ದವು. ಹತ್ತಿರ ಯಾರೂ ಬರುವಂತಿರಲಿಲ್ಲ. ತಿಂಗಳು ಕಳೆದ ಮೇಲೆ ಅವುಗಳ ಮೊದಲನೇ ತೀರ್ಪು ಹೊರಬಿತ್ತು. ಉದ್ದ ಕಾಲಿನವರ ಹೊರತು ಇನ್ನು ಯಾರೂ ಮೀನು ತಿನ್ನಕೂಡದು. ಹಿಂಡಿನಲ್ಲಿ ಮೀನು ತಿನ್ನುವವರು ಯಾರೂ ಇರಲಿಲ್ಲವಾದ್ದರಿಂದ ಎಲ್ಲರೂ ಸಂತೋಷದಿಂದ "ಹೌದು" ಅಂದರು. ಎರಡನೇ ತೀರ್ಪು ಬಂತು. ದಂಡೆಯ ಹಸಿ ಮಣ್ಣಿನ ಹುಳವೂ ಉದ್ದ ಕೊಕ್ಕಿನವರಿಗೇ. ಈ ಸಲ "ಹೌದು" ಸ್ವಲ್ಪ ಸಣ್ಣಗೆ ಬಂತು.

ಬೂದವ್ವ ಧೈರ್ಯ ಮಾಡಿ, ಬೆಕ್ಕಿನ ವಿಷಯ ಏನಾಯಿತು ಅಂತ ಕೇಳಿದಳು. ಹಿರಿಯ ಕೊಕ್ಕರೆ ಕಣ್ಣು ಬಿಡದೆ, "ಪರಿಶೀಲನೆಯಲ್ಲಿದೆ" ಅಂದಿತು.

ಬೇಸಿಗೆಯಲ್ಲಿ ಹಳ್ಳ ಬತ್ತಿತು. ಮೀನೂ ಮುಗಿಯಿತು. ಕೊಕ್ಕರೆಗಳು ಇನ್ನೊಂದು ಕಾಲನ್ನೂ ಕೆಳಗಿಟ್ಟು, ರೆಕ್ಕೆ ಬಿಚ್ಚಿ, ಬೇರೆ ಕೆರೆಗೆ ಹೋದವು. ಹೋಗುವಾಗ ಬೆಕ್ಕಿನ ವಿಷಯ ಇನ್ನೂ ಪರಿಶೀಲನೆಯಲ್ಲೇ ಇತ್ತು.

ಆಗ ಗಿಡುಗ ಬಂದ.

ಅವನನ್ನು ಯಾರೂ ಕರೆದಿರಲಿಲ್ಲ. ತಾನಾಗಿ ಬಂದು ಹುಣಸೆಯ ತುದಿಕೊಂಬೆಯಲ್ಲಿ ಕೂತ. ಅವನ ಕಣ್ಣು ಹಳದಿ, ಉಗುರು ಬಾಗಿದ ಮುಳ್ಳು. ಮಾತು ಮಾತ್ರ ಬೆಣ್ಣೆಯ ಹಾಗೆ. ತನಗೆ ಬಿರುದು ಬೇಡ ಅಂದ. ಕುಣಿತ ನೋಡುವುದೂ ಬೇಡ, ಹುಳವೂ ಬೇಡ ಅಂದ. ಬೆಕ್ಕು ಈ ಕಡೆ ಸುಳಿಯದ ಹಾಗೆ ನೋಡಿಕೊಳ್ಳುವುದು ತನ್ನ ಜವಾಬ್ದಾರಿ ಅಂದ.

"ಒಂದೇ ಒಂದು ಷರತ್ತು. ಇನ್ನು ಮೇಲೆ ಯಾರೂ ಯಾರೊಂದಿಗೂ ಮಾತಾಡಕೂಡದು. ನಿಮ್ಮ ದನಿ ಕೇಳಿಯೇ ಬೆಕ್ಕು ಬರುವುದು."

ಎಂಥ ಸರಿಯಾದ ಮಾತು ಅನ್ನಿಸಿತು ಬೂದವ್ವನಿಗೆ. ಅವಳು ಕೊರಳೆತ್ತಿ "ಹೌದು" ಅಂದಳು. ಹಿಂಡೂ ಅಂದಿತು. ಬೇಡಜ್ಜ "ಬೇಡ" ಅಂದಾಗ ಅವಳಿಗೆ ಸಿಟ್ಟೇ ಬಂತು. ಅಜ್ಜ, ಸಾಯುವುದರೊಳಗೆ ಒಂದು ಸಲವಾದರೂ ಹೌದು ಅನ್ನು, ನಿನ್ನ ಪುಣ್ಯ, ಅಂತ ಬೇಡಿಕೊಂಡಳು. ಅಜ್ಜ ಅದಕ್ಕೂ "ಬೇಡ" ಅಂದ.

ಗಿಡುಗ ಕೊಟ್ಟ ಮಾತಿಗೆ ತಪ್ಪಲಿಲ್ಲ. ಮಾರನೆಯ ದಿನವೇ ಬೆಕ್ಕಿನ ಮೂಗಿಗೆ ಎರಗಿ ರಕ್ತ ಬರಿಸಿದ. ಬೆಕ್ಕು ಆಮೇಲೆ ಆ ಕಡೆ ತಲೆ ಹಾಕಲಿಲ್ಲ. ಬೂದವ್ವ ಮತ್ತೆ ಮೊಟ್ಟೆ ಇಟ್ಟಳು. ಮರಿಗಳೂ ಆದವು. ಹಿರಿಯದಕ್ಕೆ ಹೊನ್ನಿ, ಕಿರಿಯದಕ್ಕೆ ಚುಕ್ಕಿ ಅಂತ ಹೆಸರಿಟ್ಟಳು. ಹುಣಸೆಮರದಲ್ಲಿ ಎಲೆ ಬಿದ್ದರೂ ಕೇಳುವಷ್ಟು ಶಾಂತಿ ಇತ್ತು.

ಒಂದು ಬೆಳಿಗ್ಗೆ ಬೂದವ್ವ ಹುಳ ತರಲು ಹೋಗಿ ಬಂದಾಗ ಹೊನ್ನಿ ಇರಲಿಲ್ಲ.

ಅವಳು ಕೊಂಬೆಕೊಂಬೆ ಹುಡುಕಿದಳು. ಕೂಗುವಂತಿರಲಿಲ್ಲ, ಕಟ್ಟಳೆ ಇತ್ತಲ್ಲ. ಗಿಡುಗನೇ ಕೆಳಗಿಳಿದು ಬಂದು ಅವಳ ಪಕ್ಕ ಕೂತ. ಹಾವು ಬಂದಿತ್ತು ತಾಯಿ, ನಾನು ನೋಡುವಷ್ಟರಲ್ಲಿ ಕೈಮೀರಿ ಹೋಗಿತ್ತು, ಅಂತ ಮೆಲ್ಲನೆ ಹೇಳಿದ. ಅವನ ಹಳದಿ ಕಣ್ಣಿನಲ್ಲಿ ನೀರು ಕೂಡ ಇತ್ತು. ಬೇರೆಯವರಿಗೆ ಹೇಳಿ ಅವರನ್ನು ಹೆದರಿಸಬೇಡ ಅಂತಲೂ ಬುದ್ಧಿ ಹೇಳಿದ. ಬೂದವ್ವ ತಲೆಯಾಡಿಸಿದಳು. ದುಃಖವನ್ನು ನುಂಗಿ ಸುಮ್ಮನಾದಳು.

ಒಂದು ದಿನ ಅವಳು ಕಾರೆಮುಳ್ಳಿನ ಪೊದೆಯೊಳಗೆ ಹುಳ ಹುಡುಕುತ್ತಿದ್ದಳು. ಅಲ್ಲಿ ಹಿಂಡಿನ ಇನ್ನೊಬ್ಬಳು, ಮುದ್ದಕ್ಕ, ಮೂಲೆಯಲ್ಲಿ ಮುದುಡಿ ಕೂತಿದ್ದಳು. ಅವಳು ಅಳುತ್ತಿದ್ದಳು. ಅಳುವುದಕ್ಕೂ ಸದ್ದು ಬೇಡವೆಂದು ಕೊಕ್ಕನ್ನು ಮಣ್ಣಿನಲ್ಲಿ ಊರಿಕೊಂಡಿದ್ದಳು.

ಬೂದವ್ವ ಅತ್ತ ಇತ್ತ ನೋಡಿ, ಪಿಸುದನಿಯಲ್ಲಿ ಏನಾಯಿತು ಅಂತ ಕೇಳಿದಳು. ಮುದ್ದಕ್ಕನ ಮರಿಯನ್ನೂ ಹಾವು ತಿಂದಿತ್ತು. ಗಿಡುಗನೇ ಬಂದು ಸಮಾಧಾನ ಮಾಡಿದ್ದ. ಯಾರಿಗೂ ಹೇಳಬೇಡ ಅಂದಿದ್ದ.

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಬೂದವ್ವ ಪೊದೆಯಿಂದ ಪೊದೆಗೆ ಹೋಗಿ ಒಬ್ಬೊಬ್ಬರನ್ನೇ ಕೇಳಿದಳು. ಎಲ್ಲ ಗೂಡಿನಲ್ಲೂ ಒಂದು ಹಾವಿನ ಕಥೆ ಇತ್ತು. ಹಾವನ್ನು ಕಣ್ಣಾರೆ ಕಂಡವರು ಮಾತ್ರ ಒಬ್ಬರೂ ಇರಲಿಲ್ಲ. ತನ್ನ ಮನೆಯೊಂದರಲ್ಲೇ ಹೀಗಾಗಿದೆ ಅಂತ ಪ್ರತಿಯೊಬ್ಬರೂ ಅಂದುಕೊಂಡು ಸುಮ್ಮನಿದ್ದರು.

ಕೊನೆಗೆ ಅವಳು ಬೇಡಜ್ಜನ ಬಳಿ ಹೋದಳು. ಅವನನ್ನು ಯಾರೂ ಯಾವತ್ತೂ ಕೇಳದಿದ್ದ ಒಂದು ಮಾತು ಕೇಳಿದಳು.

"ಅಜ್ಜ, ಗಿಡುಗ ಬೇಡ ಅಂದೆಯಲ್ಲ ಆವತ್ತು. ಯಾಕೆ ಬೇಡ ಅಂದೆ?"

ಬೇಡಜ್ಜನಿಗೆ ಇಷ್ಟು ವರ್ಷದಲ್ಲಿ ಬೇಡ ಎಂಬುದರಿಂದ ಮುಂದಕ್ಕೆ ಮಾತಾಡಲು ಯಾರೂ ಅವಕಾಶ ಕೊಟ್ಟಿರಲಿಲ್ಲ. ಗಂಟಲು ಸರಿಮಾಡಿಕೊಂಡು ಹೇಳಿದ. ಗಿಡುಗ ಮೊದಲು ಇದ್ದದ್ದು ಆಚೆ ದಡದ ಮತ್ತಿಮರದಲ್ಲಿ. ಆ ಮರದ ಬುಡದಲ್ಲಿ ಗರಿಗಳು ರಾಶಿ ಬಿದ್ದಿದ್ದವು. ಸಣ್ಣ ಸಣ್ಣ ಗರಿಗಳು. ಮಣ್ಣುಬಣ್ಣದವು.

"ಮತ್ತೆ ಇದನ್ನು ನಮಗೆ ಹೇಳಲಿಲ್ಲ ಯಾಕೆ?"

"ಯಾರು ಕೇಳಿದರು?" ಅಂದ ಅಜ್ಜ.

ಬೂದವ್ವನಿಗೆ ನಾಚಿಕೆಯಾಯಿತು. ಹಾಗಾದರೆ ನವಿಲು ಯಾಕೆ ಬೇಡವಾಗಿತ್ತು ಅಂತ ಕೇಳಿದಳು. ಅವನ ಬಾಲ ಅವನ ಕಣ್ಣಿಗೇ ಅಡ್ಡ, ಇನ್ನು ನಮ್ಮನ್ನೆಲ್ಲಿ ನೋಡಿಯಾನು, ಅಂದ ಅಜ್ಜ. ಕೊಕ್ಕರೆಗಳು? ಅವು ಮಾತಾಡುವಾಗಲೂ ನೋಡುತ್ತಿದ್ದದ್ದು ನೀರನ್ನು, ನಮ್ಮ ಕಡೆ ಒಂದು ಸಲವೂ ತಿರುಗಲಿಲ್ಲ, ಅಂದ.

"ಹಿಂದೊಮ್ಮೆ ಅತ್ತಿಹಣ್ಣು ತಿನ್ನೋಣ ಅಂದಾಗಲೂ ಬೇಡ ಅಂದೆಯಲ್ಲ?"

ಅಜ್ಜ ಕಾಲಿನಿಂದ ಕೊಕ್ಕು ಕೆರೆದುಕೊಂಡ. "ಅದು ಸುಮ್ಮನೆ ಅಂದೆ. ಬಾಯಿಗೆ ಅಭ್ಯಾಸ."

ಅವರು ಇನ್ನೂ ಮಾತಾಡುತ್ತಿರುವಾಗಲೇ ಹುಣಸೆಯ ತುದಿಕೊಂಬೆ ಅಲುಗಿತು. ಗಿಡುಗ ರೆಕ್ಕೆ ಮಡಚಿ ಕಲ್ಲಿನ ಹಾಗೆ ಕೆಳಕ್ಕೆ ಬೀಳುತ್ತಿದ್ದ. ಅವನ ನೇರಕ್ಕೆ, ಗೂಡಿನ ಅಂಚಿನಲ್ಲಿ ಚುಕ್ಕಿ ಕೂತಿದ್ದಳು. ಹಾರುವುದನ್ನು ಇನ್ನೂ ಕಲಿಯುತ್ತಿದ್ದವಳು.

ಬೂದವ್ವ ಬಿರುದು ಹೇಳಲಿಲ್ಲ. ಅಪ್ಪಣೆ ಕೇಳಲಿಲ್ಲ. ಅವಳ ಗಂಟಲಿನಿಂದ ಅವಳಿಗೇ ಗುರುತಿಲ್ಲದ ದನಿಯೊಂದು ಹೊರಟಿತು. ಮಡಕೆ ಒಡೆದಂತೆ, ತಗಡು ಕೆರೆದಂತೆ ಕರ್ಕಶ ದನಿ. ಚುಕ್ಕಿ ಬೆಚ್ಚಿಬಿದ್ದು ಗೂಡಿನೊಳಗೆ ಉರುಳಿದಳು. ಗಿಡುಗನ ಉಗುರಿಗೆ ಬರಿ ಗಾಳಿ ಸಿಕ್ಕಿತು.

ಮರುಗಳಿಗೆಯಲ್ಲಿ ಮುದ್ದಕ್ಕ ಕೂಗಿದಳು. ಬೇಡಜ್ಜ ಕೂಗಿದ. ಇಷ್ಟು ಕಾಲ ನುಂಗಿಕೊಂಡಿದ್ದ ಮಾತೆಲ್ಲ ಒಟ್ಟಿಗೆ ಬಾಯಿಗೆ ಬಂದಂತೆ ಇಡೀ ಹಿಂಡು ಕೂಗುತ್ತಾ ಗಿಡುಗನನ್ನು ಮುತ್ತಿತು. ಒಬ್ಬರು ರೆಕ್ಕೆಗೆ ಕುಕ್ಕಿದರೆ ಇನ್ನೊಬ್ಬರು ಬಾಲ ಜಗ್ಗಿದರು.

"ಒಬ್ಬೊಬ್ಬರಾಗಿ ಮಾತಾಡಿ, ಏನೂ ಅರ್ಥವಾಗುತ್ತಿಲ್ಲ" ಅಂದ ಗಿಡುಗ.

ಯಾರೂ ಒಬ್ಬೊಬ್ಬರಾಗಿ ಮಾತಾಡಲಿಲ್ಲ. ಒಂಟಿ ಹಕ್ಕಿಯನ್ನು ಹಿಡಿದು ಅಭ್ಯಾಸವಿದ್ದ ಗಿಡುಗನಿಗೆ ಇಡೀ ಹಿಂಡಿಗೆ ಏನು ಮಾಡಬೇಕೆಂದು ತಿಳಿಯಲಿಲ್ಲ. ಎರಡು ಗರಿ ಕಳೆದುಕೊಂಡು ಹಳ್ಳ ದಾಟಿ, ಬೆಟ್ಟ ದಾಟಿ ಹೋದ.

ಹಿಂಡಿಗೆ ಆದ ಸಂತೋಷ ಅಷ್ಟಿಷ್ಟಲ್ಲ. ಎಲ್ಲರೂ ಸೇರಿ ಬೂದವ್ವನನ್ನು ತುದಿಕೊಂಬೆಗೆ ಹತ್ತಿಸಿದರು. ಇನ್ನು ನೀನೇ ನಮ್ಮ ರಾಣಿ ಅಂದರು. ಬೂದವ್ವ ಬೇಡ ಬೇಡ ಅನ್ನುತ್ತಲೇ ಹತ್ತಿ, ಕೂತು ನೋಡಿದಳು. ಅಲ್ಲಿಂದ ಹಳ್ಳದ ತಿರುವೆಲ್ಲ ಕಾಣುತ್ತಿತ್ತು. ತಂಪು ಗಾಳಿ ಬೀಸುತ್ತಿತ್ತು. ಪರವಾಗಿಲ್ಲ ಅನ್ನಿಸಿತು. ಸ್ವಲ್ಪ ಹೊತ್ತಿಗೆ, ಹಸಿ ಹುಳ ತಂದುಕೊಡಿ ಅಂದಳು. ತಂದರು. ಕೆಳಗೆ ಅಷ್ಟು ಗದ್ದಲ ಬೇಡ ಅಂದಳು. ಸುಮ್ಮನಾದರು.

ಬೇಡಜ್ಜ ಕೆಳಗಿನಿಂದ "ಬೇಡ" ಅಂದ.

ಎಲ್ಲರೂ ಅವನ ಮೇಲೆ ರೇಗಿದರು. ಬೂದವ್ವನೂ, ಬಾಯಿ ಮುಚ್ಚು ಅಜ್ಜ ಅನ್ನಲು ಕೊಕ್ಕು ತೆರೆದಳು. ತೆರೆದ ಕೊಕ್ಕು ಹಾಗೇ ನಿಂತಿತು. ಇದೇ ಕೊಂಬೆಯಲ್ಲಿ ಕೂತು ಇದೇ ಮಾತು ಹೇಳಿದವನು ಯಾರೆಂದು ಅವಳಿಗೆ ನೆನಪಾಗಿತ್ತು.

ಅವಳು ಕೇಳಿದಳು, "ಯಾಕೆ ಬೇಡ, ಅಜ್ಜ?"

"ನೀನು ಒಳ್ಳೆಯವಳೇ ಕಣವ್ವ. ಆ ಕೊಂಬೆ ಒಳ್ಳೆಯದಲ್ಲ. ಮೇಲೆ ಕೂತಷ್ಟೂ ಕೆಳಗಿನ ಮಾತು ಕಿವಿಗೆ ಬೀಳುವುದಿಲ್ಲ. ಹುಳ ಕೂತಲ್ಲಿಗೇ ಬಂದರೆ ಇಳಿಯುವ ಮನಸ್ಸೂ ಬರುವುದಿಲ್ಲ."

ಬೂದವ್ವ ಅರ್ಧ ತಿಂದ ಹುಳವನ್ನು ನೋಡಿದಳು. ನಾಚಿಕೊಂಡು ಅದನ್ನೂ ನುಂಗಿ ಕೆಳಗಿಳಿದಳು.

ಹಾಗಾದರೆ ಮೇಲೆ ಯಾರೂ ಕೂರುವುದೇ ಬೇಡವೇ? ಬೆಕ್ಕು ಬಂದರೆ ನೋಡುವವರು ಯಾರು? ಆ ದಿನ ಹುಣಸೆಮರದ ಕೆಳಗೆ ಎಲ್ಲರೂ ಸೇರಿದರು. ಮುದುಕರು, ಮರಿಗಳು, ಕಾಲು ಕುಂಟುವವರು, ಎಲ್ಲರೂ. ಬಿಸಿಲು ಏರಿತು, ಇಳಿಯಿತು, ಮಾತು ಮುಗಿಯಲಿಲ್ಲ. ಒಬ್ಬರು ಒಂದು ಹೇಳಿದರೆ ಇನ್ನೊಬ್ಬರು ಅದನ್ನು ತಿದ್ದಿದರು. ಮುದ್ದಕ್ಕ ಎರಡು ಸಲ ಸಿಟ್ಟು ಮಾಡಿಕೊಂಡು ಎದ್ದು ಹೋಗಿ, ತಾನಿಲ್ಲದೆ ಏನು ತೀರ್ಮಾನಿಸಿಬಿಡುತ್ತಾರೋ ಅಂತ ಎರಡು ಸಲವೂ ವಾಪಸು ಬಂದಳು.

ಕೊನೆಗೆ ಒಂದು ಒಪ್ಪಂದಕ್ಕೆ ಬಂದರು. ತುದಿಕೊಂಬೆ ಯಾರ ಸ್ವತ್ತೂ ಅಲ್ಲ. ಎಲ್ಲರೂ ಸರದಿಯ ಮೇಲೆ ಹತ್ತಿ ಕಾವಲು ಕಾಯಬೇಕು. ಮೇಲೆ ಕೂತವರು ಕಣ್ಣು ತಪ್ಪಿಸಿದರೆ, ನಿನ್ನೆ ಮೊನ್ನೆ ಹುಟ್ಟಿದ ಮರಿಯೂ ಅವರನ್ನು ಕೆಳಗಿಳಿ ಅನ್ನಬಹುದು. ಏನೇ ಮಾಡುವುದಿದ್ದರೂ ಹೆಚ್ಚು ಜನ ಒಪ್ಪಿದ ಹಾಗೆ ಮಾಡುವುದು. ಆದರೆ ಅದಕ್ಕೆ ಮೊದಲು, ಬೇಡ ಅಂದವರು ಒಬ್ಬರೇ ಇದ್ದರೂ ಯಾಕೆ ಅಂತ ಕೇಳಿ, ಅವರ ಮಾತು ಮುಗಿಯುವ ತನಕ ಕಾಯುವುದು.

ಬೂದವ್ವ ಇನ್ನೊಂದು ಕಟ್ಟಳೆ ಸೇರಿಸಿದಳು. ಆ ಕೊಂಬೆಯ ರುಚಿ ನೋಡಿ ಬಂದವಳು ಅವಳೊಬ್ಬಳೇ ಆದ್ದರಿಂದ ಎಲ್ಲರೂ ಕಿವಿಗೊಟ್ಟರು.

"ಮೇಲೆ ಕೂತಿರುವಷ್ಟು ಹೊತ್ತು ಏನೂ ತಿನ್ನುವ ಹಾಗಿಲ್ಲ. ಹೊಟ್ಟೆ ಹಸಿದರೆ ತಾವಾಗಿ ಇಳಿಯುತ್ತಾರೆ."

ಇದಕ್ಕೆ ಹಿಂಡು ಕುಣಿದಾಡಿ ಒಪ್ಪಿತು. ಮೊದಲನೇ ಸರದಿ ಹಿರಿಯನದಾಗಲಿ ಅಂತ ಬೇಡಜ್ಜನನ್ನು ಕರೆದರು. ಅವನು "ಬೇಡ" ಅಂದ. ಕಟ್ಟಳೆ ಪ್ರಕಾರ ಎಲ್ಲರೂ ಒಟ್ಟಿಗೆ "ಯಾಕೆ?" ಅಂತ ಕೇಳಿ, ಕುತ್ತಿಗೆ ಚಾಚಿ ಕಾದರು. ಅಜ್ಜ ಆಕಾಶ ನೋಡಿದ, ನೆಲ ನೋಡಿದ. ಕಾರಣ ಒಂದೂ ಸಿಗಲಿಲ್ಲ. ಗೊಣಗುತ್ತಾ ಮರ ಹತ್ತಿದ.

ಅವನು ಹತ್ತಿದ್ದೂ ಒಳ್ಳೆಯದೇ ಆಯಿತು. ಗಿಡುಗ ಹೋದ ಸುದ್ದಿ ತಿಳಿದ ಕಾಡುಬೆಕ್ಕು ಮೂಗಿನ ಹಳೆಯ ಗಾಯದ ಕಲೆ ನೆಕ್ಕಿಕೊಳ್ಳುತ್ತಾ ಹುಲ್ಲಿನಲ್ಲಿ ತೆವಳಿ ಬರುತ್ತಿತ್ತು. ಅಜ್ಜ ಮೇಲಿನಿಂದ ಕಿರುಚಿದ. ಕೆಳಗಿದ್ದವರು ಎಲ್ಲರೂ ಕಿರುಚಿದರು. ಕದ್ದು ಬರುವ ಬೆಕ್ಕಿಗೆ ಇಡೀ ಕಾಡಿನ ಎದುರು ತನ್ನ ಹೆಸರು ಕೂಗಿಸಿಕೊಳ್ಳುವುದಕ್ಕಿಂತ ದೊಡ್ಡ ಅವಮಾನ ಇಲ್ಲ. ಅದು ಬಾಲ ಕೆಳಗೆ ಮಾಡಿಕೊಂಡು ಬಂದ ದಾರಿಯಲ್ಲೇ ಹೋಯಿತು.

ಸಂಜೆ ಗಾಳಿ ಮತ್ತೆ ಆ ಕಡೆ ಬಂದು, ಈಗ ನಿಮ್ಮನ್ನು ಆಳುವವರು ಯಾರು ಅಂತ ಕೇಳಿತು. ಆ ಪ್ರಶ್ನೆಗೆ ಎಲ್ಲರೂ ಒಟ್ಟಿಗೆ ಉತ್ತರ ಹೇಳಲು ಶುರುಮಾಡಿದರು. ಗಾಳಿ ಕಿವಿ ಮುಚ್ಚಿಕೊಂಡು ಓಡಿತು. ಆಮೇಲೆ ಬಂದ ಮನುಷ್ಯರೂ ಆ ಗದ್ದಲ ಕೇಳಿ, ಬಾಯಿ ಸತ್ತಿದ್ದ ಆ ಹಕ್ಕಿಗಳಿಗೆ ಹರಟೆಮಲ್ಲ ಅಂತಲೇ ಹೆಸರಿಟ್ಟರು.

ಅದಕ್ಕೇ ಮಗು, ಇವತ್ತಿಗೂ ಬೇಲಿಯ ಬುಡದಲ್ಲಿ ಮಣ್ಣುಬಣ್ಣದ ಹಕ್ಕಿಗಳು ಗುಂಪು ಕಟ್ಟಿಕೊಂಡು ತರಗೆಲೆ ಕೆದಕುತ್ತಾ, ಒಂದೇ ಸಮನೆ ವಾದ ಮಾಡುತ್ತಿರುತ್ತವೆ. ಅವುಗಳಲ್ಲಿ ಒಂದು ಮಾತ್ರ ಎತ್ತರದ ಕೊಂಬೆಯಲ್ಲಿ ಏನೂ ತಿನ್ನದೆ ಕತ್ತು ಹೊರಳಿಸುತ್ತಾ ಕೂತಿರುತ್ತದೆ, ಮತ್ತು ನೀನು ಸ್ವಲ್ಪ ಹೊತ್ತು ಅಲುಗಾಡದೆ ನಿಂತು ನೋಡಿದರೆ, ಅದು ಹಸಿದು ಕೆಳಗಿಳಿಯುವುದೂ ಇನ್ನೊಂದು ಮೇಲೆ ಹತ್ತುವುದೂ ನಿನಗೆ ಕಾಣುತ್ತದೆ.